ಗುಜರಾತಿನ ಮಹಾನಗರ ಪಾಲಿಕೆ ಚುನಾವಣೆಗಳು: ಅಹಮದಾಬಾದ್, ವಡೋದರಾ, ಸೂರತ್

ಗುಜರಾತಿನ ಈ ಮೂರು ದೊಡ್ಡ ನಗರಗಳಲ್ಲಿ ಪಾಲಿಕೆ ಸದಸ್ಯರನ್ನು ಆರಿಸಲು ಐದು ವರ್ಷಕ್ಕೊಮ್ಮೆ ನಡೆಯುವ ಚುನಾವಣೆಗಳಿವು. ರಾಜ್ಯ ಚುನಾವಣಾ ಆಯೋಗ ಇವನ್ನು ನಡೆಸುತ್ತದೆ. ಅಹಮದಾಬಾದಿನಲ್ಲಿ 48 ವಾರ್ಡ್‌ಗಳಿಂದ 192, ಸೂರತ್‌ನಲ್ಲಿ 30 ವಾರ್ಡ್‌ಗಳಿಂದ 120, ವಡೋದರಾದಲ್ಲಿ 19 ವಾರ್ಡ್‌ಗಳಿಂದ 76 ಸದಸ್ಯರು 2021ರಲ್ಲಿ ಆಯ್ಕೆಯಾದರು. ಬೆಂಗಳೂರಿನಂತೆ ಇಲ್ಲಿ ವಾರ್ಡಿಗೊಬ್ಬ ಸದಸ್ಯನಲ್ಲ, ನಾಲ್ವರು; ಮತದಾರನಿಗೂ ನಾಲ್ಕು ಮತ. ಪಕ್ಷಗಳು ನಾಲ್ವರನ್ನೂ ಒಟ್ಟಿಗೆ ‘ಪ್ಯಾನೆಲ್’ ಎಂದು ನಿಲ್ಲಿಸುತ್ತವೆ. ನಾಲ್ಕೂ ಒಂದೇ ಪಕ್ಷಕ್ಕೆ ಬಂದರೆ ಪ್ಯಾನೆಲ್ ಗೆದ್ದಿತು, ಒಬ್ಬ ಹೊರಗಿನವ ನುಗ್ಗಿದರೆ ಪ್ಯಾನೆಲ್ ಒಡೆಯಿತು. ಮತ ಎಣಿಕೆಯ ದಿನ ಕೇಳಿಬರುವ ಮಾತೆಲ್ಲ ಇದರ ಸುತ್ತಲೇ.

ಈ ನಗರಗಳ ಚುನಾವಣೆಯ ಇತಿಹಾಸ ಎಂದರೆ ಅರ್ಧಕ್ಕರ್ಧ ಆಯ್ಕೆಯಾದವರಿಗೂ ನೇಮಕವಾದ ಅಧಿಕಾರಿಗೂ ನಡುವಿನ ಜಗ್ಗಾಟದ ಇತಿಹಾಸ.

ಗೋಡೆಯ ತೆರಿಗೆಯಿಂದ ಪಟೇಲರವರೆಗೆ

ಅಹಮದಾಬಾದಿನ ಪೌರಾಡಳಿತ ಹುಟ್ಟಿದ್ದು ಕೋಟೆಗೋಡೆಯ ರಿಪೇರಿಯಿಂದ. 1830ರ ದಶಕದಲ್ಲಿ ಕುಸಿಯುತ್ತಿದ್ದ ಗೋಡೆ ಕಟ್ಟಿಸಲು ತುಪ್ಪ ಮೊದಲಾದ ಸರಕುಗಳ ಮೇಲೆ ಸುಂಕ ಹಾಕಿ, ಕಲೆಕ್ಟರರೊಂದಿಗೆ ಊರಿನ ಶೇಟ್‌ಗಳನ್ನೂ ಸೇರಿಸಿ ಒಂದು ಸಮಿತಿ ಮಾಡಲಾಯಿತು. ಗೋಡೆ ಎದ್ದು ನಿಂತ ಮೇಲೂ ಹಣ ಉಳಿಯಿತು. ಅದು ರಸ್ತೆಗೆ, ದೀಪಕ್ಕೆ ಹರಿಯಿತು. ಮುಂದೆ ಇದೇ ಮುನಿಸಿಪಾಲಿಟಿಯಾಯಿತು. ಅಹಮದಾಬಾದಿನ ಸಮಿತಿ ಹಾಗೆ ಮುನಿಸಿಪಾಲಿಟಿ ಎನಿಸಿಕೊಳ್ಳುವ ಮೊದಲೇ, 1852ರಲ್ಲಿ, ಸೂರತ್‌ಗೆ ಮುನಿಸಿಪಾಲಿಟಿ ಬಂದಿತ್ತು. ವಡೋದರಾ ಗಾಯಕವಾಡರ ರಾಜಧಾನಿ. 1949ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗುವವರೆಗೆ ಅಲ್ಲಿನ ಪೌರಾಡಳಿತ ಬೇರೆಯೇ ದಾರಿಯಲ್ಲಿ ನಡೆಯಿತು.

ಲಾರ್ಡ್ ರಿಪನ್ನನ 1882ರ ನಿರ್ಣಯದ ಬಳಿಕ ಚುನಾಯಿತ ಸದಸ್ಯರ ಸಂಖ್ಯೆ ಹೆಚ್ಚಿತಾದರೂ ಮತ ಇದ್ದದ್ದು ತೆರಿಗೆ ಕಟ್ಟುವ ಸ್ಥಿತಿವಂತರಿಗೆ ಮಾತ್ರ. ಅಹಮದಾಬಾದಿನ ಮೊದಲ ಬಟ್ಟೆ ಗಿರಣಿ ಸ್ಥಾಪಿಸಿದ ರಣಛೋಡಲಾಲ್ ಛೋಟಾಲಾಲ್ 1885ರಲ್ಲಿ ಮುನಿಸಿಪಾಲಿಟಿಯ ಮೊದಲ ಭಾರತೀಯ ಅಧ್ಯಕ್ಷರಾದರು. ನಲ್ಲಿ ನೀರು, ನೆಲದಡಿಯ ಚರಂಡಿ ಎಂದು ಅವರು ಹೊರಟಾಗ ತೆರಿಗೆದಾರರಿಂದಲೇ ವಿರೋಧ ಬಂತು. ಅವರ ಕಾಲದ ಬಳಿಕ ಸದಸ್ಯರ ಒಳಜಗಳ ಹೆಚ್ಚಿತೆಂದು 1910ರಲ್ಲಿ ಸರ್ಕಾರ ಮುನಿಸಿಪಾಲಿಟಿಯನ್ನು ಸೂಪರ್‌ಸೀಡ್ ಮಾಡಿತು, ಅಂದರೆ ಚುನಾಯಿತ ಮಂಡಳಿಯನ್ನು ಬದಿಗೆ ಸರಿಸಿತು. ಮರಳಿ ಚುನಾಯಿತ ಮಂಡಳಿ ಬಂದಾಗ ಅದರ ಪಕ್ಕದಲ್ಲಿ ಐಸಿಎಸ್ ಅಧಿಕಾರಿಯೊಬ್ಬ ಕಮಿಷನರನಾಗಿ ಕುಳಿತಿದ್ದ.

ವಲ್ಲಭಭಾಯಿ ಪಟೇಲರು ಸಾರ್ವಜನಿಕ ಜೀವನಕ್ಕೆ ಇಳಿದದ್ದೇ ಈ ಕಮಿಷನರ್ ಶಿಲ್ಲಿಡಿಯ ವಿರುದ್ಧ. ಆತನ ದರ್ಬಾರಿನಿಂದ ಬೇಸತ್ತ ಊರಿನ ಪ್ರಮುಖರು ಕ್ಲಬ್ಬಿನಲ್ಲಿ ಇಸ್ಪೀಟಾಡುತ್ತಿದ್ದ ಬ್ಯಾರಿಸ್ಟರರನ್ನು ಒಪ್ಪಿಸಿ 1917ರ ಆರಂಭದಲ್ಲಿ ದರಿಯಾಪುರ ವಾರ್ಡಿನ ಉಪಚುನಾವಣೆಗೆ ನಿಲ್ಲಿಸಿದರು. ಕೂದಲೆಳೆಯ ಅಂತರದಲ್ಲಿ ಬಂದ ಆ ಗೆಲುವು ರದ್ದಾಯಿತು. ಅದೇ ವರ್ಷ ಮತ್ತೆ ನಡೆದ ಚುನಾವಣೆಯಲ್ಲಿ ಪಟೇಲರು ಅವಿರೋಧವಾಗಿ ಆರಿಸಿಬಂದರು. ಶಿಲ್ಲಿಡಿ ಅಹಮದಾಬಾದ್ ಬಿಡಬೇಕಾಯಿತು. ಖೇಡಾ, ಬಾರ್ಡೋಲಿ ಸತ್ಯಾಗ್ರಹಗಳ ಸರ್ದಾರರನ್ನು ಎಲ್ಲರೂ ಬಲ್ಲರು. ಅವರು ಕಡತ ಓದುವುದನ್ನು, ಕಾನೂನಿನ ಸೆಕ್ಷನ್ ಹಿಡಿದು ಅಧಿಕಾರಿಯನ್ನು ಕಟ್ಟಿಹಾಕುವುದನ್ನು ಕಲಿತದ್ದು ಇಲ್ಲಿ.

ಅಸಹಕಾರ ಚಳವಳಿಯ ಹೊತ್ತಿಗೆ ಅಹಮದಾಬಾದ್, ಸೂರತ್, ನಡಿಯಾದ್ ಮುನಿಸಿಪಾಲಿಟಿಗಳು ತಮ್ಮ ಶಾಲೆಗಳಿಗೆ ಸರ್ಕಾರದ ಅನುದಾನವೂ ಬೇಡ, ತಪಾಸಣೆಯೂ ಬೇಡ ಎಂದವು. ಮೂರೂ 1922ರಲ್ಲಿ ಸೂಪರ್‌ಸೀಡ್ ಆದವು. 1924ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗರು ಗೆದ್ದು ಪಟೇಲರು ಅಹಮದಾಬಾದಿನ ಅಧ್ಯಕ್ಷರಾದರು, 1928ರವರೆಗೂ ಇದ್ದರು. ಸುಮಾರು ಅದೇ ಕಾಲಕ್ಕೆ ಅಲಹಾಬಾದಿನಲ್ಲಿ ಜವಾಹರಲಾಲ್ ನೆಹರೂ, ಪಟ್ನಾದಲ್ಲಿ ರಾಜೇಂದ್ರ ಪ್ರಸಾದ್, ಕಲ್ಕತ್ತೆಯಲ್ಲಿ ಚಿತ್ತರಂಜನ ದಾಸ್ ಆಯಾ ನಗರಾಡಳಿತದ ಮುಖ್ಯಸ್ಥರಾಗಿದ್ದರು. ಲೋಕಸಭೆಯ ಮೊದಲ ಸ್ಪೀಕರ್ ಜಿ. ವಿ. ಮಾವಳಂಕರರೂ ಅಹಮದಾಬಾದ್ ಮುನಿಸಿಪಾಲಿಟಿಯಲ್ಲಿ ಪಳಗಿದವರೇ.

ಪಾಲಿಕೆಗಳ ಕಾಲ

ಬಾಂಬೆ ಪ್ರಾಂತೀಯ ಮಹಾನಗರ ಪಾಲಿಕೆಗಳ ಕಾಯ್ದೆ 1949ರದು. ಅದರಡಿ ಅಹಮದಾಬಾದ್ 1950ರಲ್ಲಿ ಪಾಲಿಕೆಯಾಯಿತು. ಸೂರತ್ ಆದದ್ದು 1966ರಲ್ಲಿ. ಅಹಮದಾಬಾದಿನ ಮೊದಲ ಮೇಯರ್ ಚಿನುಭಾಯಿ ಚಿಮನ್‌ಭಾಯಿ ಹನ್ನೆರಡು ವರ್ಷ ಆ ಸ್ಥಾನದಲ್ಲಿದ್ದರು. ಆದರೆ ಕಾಯ್ದೆ ಕಾರ್ಯಾಂಗದ ಅಧಿಕಾರವನ್ನು ಕೊಟ್ಟದ್ದು ಸರ್ಕಾರ ಕಳಿಸುವ ಆಯುಕ್ತರಿಗೆ. ಮೇಯರ್ ಸಭೆ ನಡೆಸುವವರು, ಗೌನು ತೊಡುವವರು. ಹಣದ ಕೀಲಿ ಸ್ಥಾಯಿ ಸಮಿತಿಯ ಅಧ್ಯಕ್ಷರ ಬಳಿ. ಚುನಾವಣೆ ಮುಗಿದೊಡನೆ ಪಕ್ಷದೊಳಗೆ ನಿಜವಾದ ಪೈಪೋಟಿ ಏಳುವುದು ಆ ಸಮಿತಿಯ ಕುರ್ಚಿಗೆ.

ಕಾಂಗ್ರೆಸ್ಸಿನ ಹಿಡಿತ ಮೊದಲು ಸಡಿಲಿದ್ದು 1965ರಲ್ಲಿ. ಪ್ರತ್ಯೇಕ ಗುಜರಾತ್ ರಾಜ್ಯಕ್ಕಾಗಿ ನಡೆದ ಮಹಾಗುಜರಾತ್ ಚಳವಳಿಯ ನಾಯಕ ಇಂದುಲಾಲ್ ಯಾಜ್ಞಿಕರ ಜನತಾ ಪರಿಷತ್ತು ಗಿರಣಿ ಕಾರ್ಮಿಕರ ಬೆಂಬಲದಿಂದ ಅಹಮದಾಬಾದ್ ಪಾಲಿಕೆ ಗೆದ್ದಿತು. ಕಮ್ಯುನಿಸ್ಟ್ ನಾಯಕ ದಿನಕರ ಮೆಹ್ತಾ ಮೇಯರ್ ಆದರು. ಇಂದಿನ ಅಹಮದಾಬಾದ್ ನೋಡಿದವರಿಗೆ ಇದು ನಂಬಲು ಕಷ್ಟ. 1987ರಲ್ಲಿ ಬಿಜೆಪಿ ಅಲ್ಲಿ ಮೊದಲ ಬಾರಿ ಅಧಿಕಾರ ಹಿಡಿಯಿತು. ಆರೆಸ್ಸೆಸ್‌ನಿಂದ ಆಗಷ್ಟೇ ಪಕ್ಷಕ್ಕೆ ಬಂದ ನರೇಂದ್ರ ಮೋದಿಯವರ ಮೊದಲ ಚುನಾವಣಾ ಹೊಣೆ ಅದು.

1994ರ ಸೆಪ್ಟೆಂಬರಿನಲ್ಲಿ ಸೂರತ್‌ನಲ್ಲಿ ಪ್ಲೇಗ್ ಎದ್ದು ಲಕ್ಷಾಂತರ ಜನ ಊರು ಬಿಟ್ಟರು. ಮರುವರ್ಷ ಬಂದ ಆಯುಕ್ತ ಎಸ್. ಆರ್. ರಾವ್ ಅಧಿಕಾರಿಗಳನ್ನು ದಿನವೂ ಬೀದಿಗಿಳಿಸಿ, ಪ್ರಭಾವಿಗಳ ಅಕ್ರಮ ಕಟ್ಟಡ ಕೆಡವಿಸಿ ನಗರವನ್ನು ಚೊಕ್ಕಟಗೊಳಿಸಿದರು. ಸೂರತ್ ಇಂದಿಗೂ ನೆನೆಯುವುದು ಅವರ ಹೆಸರನ್ನು. ಆಗಿನ ಮೇಯರ್ ಯಾರೆಂದು ಕೇಳಿದರೆ ತಡವರಿಸುವವರೇ ಹೆಚ್ಚು. ಅಹಮದಾಬಾದಿನ ಸಾಬರಮತಿ ನದೀತೀರ ಯೋಜನೆಗೂ 1997ರಲ್ಲಿ ಪಾಲಿಕೆಯ ಬದಿಯಲ್ಲೊಂದು ಪ್ರತ್ಯೇಕ ಕಂಪನಿ ಹುಟ್ಟಿತು. ದೊಡ್ಡ ಕೆಲಸಗಳು ಹೀಗೆ ಸಭಾಂಗಣದಿಂದ ಆಚೆ ಸರಿದವು.

ಹಾಗೆಂದು ಮತಕ್ಕೆ ಬೆಲೆ ಇಲ್ಲದಿರಲಿಲ್ಲ. 2000ದಲ್ಲಿ ಬಿಜೆಪಿ ಅಹಮದಾಬಾದನ್ನೂ ರಾಜಕೋಟನ್ನೂ ಕಾಂಗ್ರೆಸ್ಸಿಗೆ ಕಳೆದುಕೊಂಡಿತು. ಮರುವರ್ಷ ಮುಖ್ಯಮಂತ್ರಿ ಕೇಶುಭಾಯಿ ಪಟೇಲರು ಸ್ಥಾನ ಬಿಡಬೇಕಾಗಿ ಬಂದ ಕಾರಣಗಳಲ್ಲಿ ಭುಜ್ ಭೂಕಂಪದ ಪರಿಹಾರದ ಜೊತೆಗೆ ಈ ಸೋಲೂ ಸೇರಿತ್ತು. 2005ರಲ್ಲಿ ಅಹಮದಾಬಾದ್ ಬಿಜೆಪಿಗೆ ಮರಳಿತು.

2015 ಮತ್ತು 2021

ಸ್ಥಳೀಯ ಚುನಾವಣೆಯಲ್ಲಿ ಮತದಾನ ಕಡ್ಡಾಯ ಎಂಬ ಮಸೂದೆಯನ್ನು ಗುಜರಾತ್ ವಿಧಾನಸಭೆ 2009ರಲ್ಲೇ ಒಪ್ಪಿತ್ತು. ಮಹಿಳೆಯರಿಗೆ ಅರ್ಧದಷ್ಟು ಸ್ಥಾನ ಕೊಡುವ ಅಂಶವೂ ಅದರಲ್ಲಿತ್ತು. ರಾಜ್ಯಪಾಲೆ ಕಮಲಾ ಬೇನಿವಾಲ್ ಸಹಿ ಹಾಕಲಿಲ್ಲ. ಸಹಿ ಬಿದ್ದದ್ದು 2014ರಲ್ಲಿ, ಓ. ಪಿ. ಕೊಹ್ಲಿ ಬಂದ ಮೇಲೆ. ಕಡ್ಡಾಯ ಮತದಾನಕ್ಕೆ ಹೈಕೋರ್ಟ್ 2015ರ ಆಗಸ್ಟಿನಲ್ಲಿ ತಡೆ ಕೊಟ್ಟಿತು. ಅದೇ ತಿಂಗಳು ಅಹಮದಾಬಾದಿನಲ್ಲಿ ಮೀಸಲಾತಿ ಕೇಳಿ ಹಾರ್ದಿಕ್ ಪಟೇಲರ ಪಾಟೀದಾರ್ ಸಮಾವೇಶ ನಡೆದು ರಾಜ್ಯ ಹೊತ್ತಿಕೊಂಡಿತು. ಚುನಾವಣೆ ಮುಂದೂಡುವ ಯತ್ನ ನಡೆಯಿತಾದರೂ ಹೈಕೋರ್ಟ್ ಒಪ್ಪಲಿಲ್ಲ. ನವೆಂಬರಿನಲ್ಲಿ ಮತದಾನವಾಗಿ ಆರೂ ದೊಡ್ಡ ಪಾಲಿಕೆಗಳು ಬಿಜೆಪಿಗೇ ಉಳಿದವು. ಜಿಲ್ಲಾ ಪಂಚಾಯತಿಗಳಲ್ಲಿ ಮಾತ್ರ ಕಾಂಗ್ರೆಸ್ ಮೇಲುಗೈ ಪಡೆಯಿತು.

ಬೆಂಗಳೂರಿನಲ್ಲಿ 2015ರ ಆಗಸ್ಟಿನಲ್ಲಿ ಆಯ್ಕೆಯಾದ ಬಿಬಿಎಂಪಿ ಸದಸ್ಯರ ಅವಧಿ 2020ರಲ್ಲಿ ಮುಗಿದು ಆಡಳಿತಾಧಿಕಾರಿ ಬಂದರು. ಗುಜರಾತಿನಲ್ಲಿ ಕೋವಿಡ್‌ನಿಂದ ಕೆಲವು ತಿಂಗಳು ತಡವಾದರೂ 2021ರ ಫೆಬ್ರವರಿ 21ರಂದು ಮತದಾನ ನಡೆಯಿತು. ಅರವತ್ತು ದಾಟಿದವರಿಗೂ, ಮೂರು ಅವಧಿ ಮುಗಿಸಿದವರಿಗೂ, ನಾಯಕರ ಬಂಧುಗಳಿಗೂ ಟಿಕೆಟ್ ಇಲ್ಲವೆಂದು ಬಿಜೆಪಿ ಸಾರಿತ್ತು. ಆರು ಪಾಲಿಕೆಗಳ 576 ಸ್ಥಾನಗಳಲ್ಲಿ 483 ಅದಕ್ಕೆ ಬಂದವು. ಅಹಮದಾಬಾದಿನಲ್ಲಿ ಬಿಜೆಪಿ 159, ಕಾಂಗ್ರೆಸ್ 25, ಎಐಎಂಐಎಂ 7. ವಡೋದರಾದಲ್ಲಿ ಬಿಜೆಪಿ 69, ಕಾಂಗ್ರೆಸ್ 7. ಮತ ಹಾಕಿದವರು ಒಟ್ಟಾರೆ ಅರ್ಧಕ್ಕಿಂತ ಕಡಿಮೆ.

ಅಚ್ಚರಿ ಕಾದಿದ್ದದ್ದು ಸೂರತ್‌ನಲ್ಲಿ. ಟಿಕೆಟ್ ಹಂಚಿಕೆಯಲ್ಲಿ ಕಾಂಗ್ರೆಸ್ಸಿಗೂ ಪಾಟೀದಾರ್ ಹೋರಾಟ ಸಮಿತಿಗೂ ಮನಸ್ತಾಪವಾಗಿ, ಸೌರಾಷ್ಟ್ರದಿಂದ ಬಂದು ವಜ್ರದ ಕೆಲಸಕ್ಕೆ ನಿಂತವರ ವರಾಛಾ ಕಡೆಯ ವಾರ್ಡ್‌ಗಳು ಆಮ್ ಆದ್ಮಿ ಪಕ್ಷಕ್ಕೆ ಒಲಿದವು. ಬಿಜೆಪಿಗೆ 93, ಆಮ್ ಆದ್ಮಿಗೆ 27; 2015ರಲ್ಲಿ 36 ಗೆದ್ದಿದ್ದ ಕಾಂಗ್ರೆಸ್ಸಿಗೆ ಒಂದೂ ಇಲ್ಲ. ಆ 27ರಲ್ಲಿ ಹಲವರು ಮುಂದಿನ ಎರಡು ವರ್ಷಗಳಲ್ಲಿ ಬಿಜೆಪಿ ಸೇರಿದರು. ಅತ್ತ ವಡೋದರಾದಲ್ಲಿ ಮೇಯರ್ ಕೇಯೂರ್ ರೋಕಡಿಯಾ 2022ರಲ್ಲಿ ಸಯಾಜಿಗಂಜ್‌ನಿಂದ ಶಾಸಕರಾದರು. 2023ರಲ್ಲಿ ನ್ಯಾಯಮೂರ್ತಿ ಝವೇರಿ ಆಯೋಗದ ವರದಿಯ ಮೇಲೆ ಸ್ಥಳೀಯ ಸಂಸ್ಥೆಗಳಲ್ಲಿ ಹಿಂದುಳಿದ ವರ್ಗಗಳ ಮೀಸಲಾತಿ ಶೇ. 10ರಿಂದ ಶೇ. 27ಕ್ಕೇರಿತು.