ಸಾವುಳ್ಳ ದೇವತೆಗಳು: ನಾರ್ಸ್ ಪುರಾಣಲೋಕದ ಒಂದು ಪರಿಚಯ

ನಾರ್ಸ್ ಪುರಾಣದ ದೇವತೆಗಳು ಅಮರರಲ್ಲ. ಇದುನ್ ಎಂಬ ದೇವಿ ಕಾಯುವ ಸೇಬುಗಳು ಕೈತಪ್ಪಿದರೆ ಅವರ ಕೂದಲು ನರೆಯುತ್ತದೆ. ಕೊನೆಯ ಯುದ್ಧದಲ್ಲಿ ಯಾರು ಯಾರಿಂದ ಹತರಾಗುವರೆಂಬುದೂ ಮೊದಲೇ ನಿಶ್ಚಿತವಾಗಿದೆ. ದೇವತೆಗಳ ಅಧಿಪತಿ ಓಡಿನ್ ಈ ಭವಿಷ್ಯವನ್ನು ಬಲ್ಲ. ಬಲ್ಲವನಾಗಿಯೇ ಸೈನ್ಯ ಕೂಡಿಸುತ್ತಾನೆ. ನಾರ್ವೆ, ಸ್ವೀಡನ್, ಡೆನ್ಮಾರ್ಕ್ ಹಾಗೂ ಐಸ್‌ಲ್ಯಾಂಡ್‌ಗಳಲ್ಲಿ ಕ್ರೈಸ್ತಧರ್ಮ ನೆಲೆಯೂರುವ ಮುನ್ನ ಪ್ರಚಲಿತವಿದ್ದ ಈ ಕಥೆಗಳು ಉತ್ತರ ಯೂರೋಪಿನ ಜನರ ಬದುಕಿನ ನೋಟವನ್ನು ತಮ್ಮೊಳಗೆ ಅಡಗಿಸಿಕೊಂಡಿವೆ.

ವಿಪರ್ಯಾಸವೆಂದರೆ, ಇವುಗಳನ್ನು ಬರೆದಿಟ್ಟವರು ಕ್ರೈಸ್ತರು. ಐಸ್‌ಲ್ಯಾಂಡ್ ಹೊಸ ಧರ್ಮವನ್ನು ಸ್ವೀಕರಿಸಿದ್ದು ಕ್ರಿ.ಶ. 1000ದ ಸುಮಾರಿಗೆ. ಅಲ್ಲಿನ ಮುಖಂಡನೂ ವಿದ್ವಾಂಸನೂ ಆಗಿದ್ದ ಸ್ನೋರಿ ಸ್ಟುರ್ಲುಸನ್ ತನ್ನ 'ಎಡ್ಡಾ' ಗ್ರಂಥವನ್ನು ರಚಿಸಿದ್ದು ಅದಾದ ಎರಡು ಶತಮಾನಗಳ ನಂತರ, 1220ರ ಆಸುಪಾಸಿನಲ್ಲಿ. ಹಳೆಯ ಕಾವ್ಯದ ರೂಪಕಗಳು ಪುರಾಣ ತಿಳಿಯದವರಿಗೆ ಅರ್ಥವಾಗುತ್ತಿರಲಿಲ್ಲ. ಕಿರಿಯ ಕವಿಗಳಿಗಾಗಿ ಆತ ಬರೆದ ಕೈಪಿಡಿಯಿದು. ರಾಜಕೀಯ ಕಲಹದಲ್ಲಿ ಸಿಲುಕಿದ ಸ್ನೋರಿ 1241ರಲ್ಲಿ ತನ್ನ ಮನೆಯಲ್ಲೇ ಕೊಲೆಯಾದ. ಆತನ ಬರಹ ಇಲ್ಲದಿದ್ದರೆ ಇಂದು ನಮಗೆ ತಿಳಿದಿರುವ ನಾರ್ಸ್ ಕಥೆಗಳಲ್ಲಿ ಬಹುಪಾಲು ಮರೆಯಾಗಿರುತ್ತಿತ್ತು.

ಮರ ಮತ್ತು ಲೋಕಗಳು

ಆದಿಯಲ್ಲಿ ಬೆಂಕಿಯ ನಾಡು ಹಾಗೂ ಮಂಜಿನ ನಾಡುಗಳ ನಡುವೆ ಒಂದು ಮಹಾಕಂದರವಿತ್ತು. ಅಲ್ಲಿ ಕರಗಿದ ಹಿಮದಿಂದ ಯಿಮಿರ್ ಎಂಬ ದೈತ್ಯ ಹುಟ್ಟಿದ. ಔದುಮ್ಲಾ ಎಂಬ ಹಸುವಿನ ಹಾಲು ಅವನಿಗೆ ಆಹಾರ. ಆ ಹಸು ಉಪ್ಪುಮಂಜನ್ನು ನೆಕ್ಕುತ್ತಿದ್ದಂತೆ ದೇವತೆಗಳ ಮೂಲಪುರುಷ ಹೊರಬಂದ. ಮುಂದೆ ಓಡಿನ್ ಮತ್ತು ಅವನ ಸಹೋದರರು ಯಿಮಿರ್‌ನನ್ನು ಕೊಂದು, ಅವನ ಮಾಂಸದಿಂದ ನೆಲವನ್ನೂ ರಕ್ತದಿಂದ ಕಡಲನ್ನೂ ತಲೆಬುರುಡೆಯಿಂದ ಆಕಾಶವನ್ನೂ ನಿರ್ಮಿಸಿದರು. ಋಗ್ವೇದದ ಪುರುಷಸೂಕ್ತದ ಕಲ್ಪನೆಗೆ ಇದು ಹತ್ತಿರವಿರುವುದನ್ನು ತೌಲನಿಕ ಪುರಾಣದ ಅಧ್ಯಯನಕಾರರು ಗುರುತಿಸಿದ್ದಾರೆ.

ವಿಶ್ವದ ಮಧ್ಯೆ ನಿಂತಿರುವುದು ಇಗ್ಡ್ರಸಿಲ್ ಎಂಬ ಮಹಾವೃಕ್ಷ. ಅದರ ತುದಿಯಲ್ಲಿ ಹದ್ದು, ಬುಡದಲ್ಲಿ ಬೇರು ಕಡಿಯುವ ಸರ್ಪ ನಿದ್ಹೋಗ್. ಇವೆರಡರ ನಡುವೆ ಬೈಗುಳಗಳನ್ನು ಹೊತ್ತು ಮೇಲೆ ಕೆಳಗೆ ಓಡಾಡುವುದು ರಾಟಟೋಸ್ಕ್ ಎಂಬ ಅಳಿಲು. ಚಾಡಿಕೋರನಿಗೆ ಪುರಾಣದಲ್ಲಿ ಇಷ್ಟು ಎತ್ತರದ ಸ್ಥಾನ ಬೇರೆಲ್ಲೂ ಸಿಕ್ಕಿರಲಾರದು! ದೇವತೆಗಳ ನೆಲೆ ಆಸ್‌ಗಾರ್ಡ್, ಮನುಷ್ಯರದು ಮಿಡ್‌ಗಾರ್ಡ್, ದೈತ್ಯರದು ಯೋತುನ್‌ಹೈಮ್, ರೋಗದಿಂದಲೂ ಮುಪ್ಪಿನಿಂದಲೂ ಸತ್ತವರದು ಹೆಲ್. ಒಂಬತ್ತು ಲೋಕಗಳ ಮಾತು ಹಳೆಯ ಪದ್ಯಗಳಲ್ಲಿ ಬರುತ್ತದೆಯಾದರೂ ಅವು ಯಾವುವೆಂಬ ಪೂರ್ಣ ಪಟ್ಟಿ ಮೂಲಗಳಲ್ಲಿ ಎಲ್ಲಿಯೂ ಇಲ್ಲ. ಇಂದು ಚಿತ್ರಪಟಗಳಲ್ಲಿ ಕಾಣುವ ಒಂಬತ್ತರ ವಿಂಗಡಣೆ ಆಧುನಿಕರ ಊಹೆ.

ಓಡಿನ್ ಜ್ಞಾನಕ್ಕಾಗಿ ಒಂದು ಕಣ್ಣನ್ನು ಮಿಮಿರ್‌ನ ಬಾವಿಗೆ ಒತ್ತೆಯಿಟ್ಟವನು. ಲಿಪಿಗಳ ರಹಸ್ಯಕ್ಕಾಗಿ ಒಂಬತ್ತು ರಾತ್ರಿ ಮರಕ್ಕೆ ನೇತುಬಿದ್ದವನು. ಯುದ್ಧದಲ್ಲಿ ಮಡಿದ ವೀರರಲ್ಲಿ ಅರ್ಧದಷ್ಟು ಮಂದಿ ಅವನ ವಲ್ಹಾಲಾ ಸಭಾಂಗಣಕ್ಕೆ ಹೋಗುತ್ತಾರೆ, ಉಳಿದರ್ಧ ಫ್ರೇಯಾ ದೇವಿಯ ಪಾಲು. ಓಡಿನ್‌ನ ಮಗ ಥಾರ್ ಆಡುಗಳು ಎಳೆಯುವ ರಥದಲ್ಲಿ ಸಂಚರಿಸುತ್ತಾನೆ. ಅವನ ಸುತ್ತಿಗೆಯ ಹಿಡಿ ಗಿಡ್ಡವಾಗಿದೆ, ಏಕೆಂದರೆ ಕುಳ್ಳರು ಅದನ್ನು ತಯಾರಿಸುತ್ತಿದ್ದಾಗ ಲೋಕಿ ನೊಣದ ರೂಪದಲ್ಲಿ ಬಂದು ಕಚ್ಚಿದ್ದ.

ತೋಳಕ್ಕೆ ಬಿದ್ದ ಸರಪಳಿ

ಲೋಕಿಗೆ ಒಬ್ಬ ದೈತ್ಯಸ್ತ್ರೀಯಲ್ಲಿ ಮೂವರು ಮಕ್ಕಳು: ಭೂಮಿಯನ್ನೇ ಸುತ್ತಿಕೊಂಡ ಸರ್ಪ, ಸತ್ತವರ ಒಡತಿ ಹೆಲ್ ಮತ್ತು ಫೆನ್ರಿರ್ ಎಂಬ ತೋಳ. ಮೊದಲಿಬ್ಬರನ್ನು ದೂರ ಎಸೆದ ದೇವತೆಗಳು ತೋಳವನ್ನು ಮಾತ್ರ ತಮ್ಮ ಬಳಿಯೇ ಸಾಕಿದರು. ಅದಕ್ಕೆ ಆಹಾರ ಹಾಕುವ ಧೈರ್ಯವಿದ್ದದ್ದು ಟೀರ್ ಒಬ್ಬನಿಗೆ. ತೋಳ ಬೆಳೆಯುತ್ತಾ ಹೋದಂತೆ ಭಯವೂ ಬೆಳೆಯಿತು. ಎರಡು ಕಬ್ಬಿಣದ ಸಂಕೋಲೆಗಳನ್ನು ಅದು ಹರಿದುಹಾಕಿತು. ಆಗ ಕುಳ್ಳರು ಆರು ವಸ್ತುಗಳಿಂದ ಗ್ಲೈಪ್ನಿರ್ ಎಂಬ ನೂಲನ್ನು ಹೊಸೆದುಕೊಟ್ಟರು: ಬೆಕ್ಕಿನ ಹೆಜ್ಜೆಯ ಸದ್ದು, ಹೆಣ್ಣಿನ ಗಡ್ಡ, ಬೆಟ್ಟದ ಬೇರು, ಕರಡಿಯ ನರ, ಮೀನಿನ ಉಸಿರು, ಹಕ್ಕಿಯ ಎಂಜಲು. ಅದು ರೇಷ್ಮೆಯಷ್ಟು ನುಣುಪು.

ತೋಳಕ್ಕೆ ಸಂಶಯ ಬಂತು. ನೀವು ಮೋಸ ಮಾಡುವುದಿಲ್ಲವೆಂಬುದಕ್ಕೆ ಒಬ್ಬರ ಕೈ ನನ್ನ ಬಾಯಲ್ಲಿರಲಿ ಎಂದಿತು. ದೇವತೆಗಳು ಮುಖ ಮುಖ ನೋಡಿಕೊಂಡರು. ಕೊನೆಗೆ ಬಲಗೈ ಚಾಚಿದವನು ಅನ್ನವಿಟ್ಟ ಟೀರ್. ನೂಲು ಬಿಗಿಯಿತು, ಎಲ್ಲರೂ ನಕ್ಕರು. ಕೈ ಕಳೆದುಕೊಂಡ ಟೀರ್ ಮಾತ್ರ ನಗಲಿಲ್ಲ. ತೋಳವನ್ನು ಕೊಲ್ಲಬಹುದಿತ್ತಲ್ಲ ಎಂಬ ಪ್ರಶ್ನೆಗೆ ಸ್ನೋರಿಯ ಗ್ರಂಥದಲ್ಲೇ ಉತ್ತರವಿದೆ: ತಮ್ಮ ಪವಿತ್ರಸ್ಥಳವನ್ನು ಅದರ ರಕ್ತದಿಂದ ಮಲಿನಗೊಳಿಸಲು ದೇವತೆಗಳು ಒಪ್ಪಲಿಲ್ಲ. ಕೊಟ್ಟ ಮಾತನ್ನು ಮುರಿಯಲು ಹಿಂಜರಿಯದವರು ನೆಲದ ಮಡಿಗೆ ಅಂಜಿದರು.

ಇದೇ ತೋಳ ರಾಗ್ನರೋಕ್ ಎಂಬ ಅಂತಿಮ ಯುದ್ಧದಲ್ಲಿ ಬಂಧನ ಹರಿದುಕೊಂಡು ಓಡಿನ್‌ನನ್ನು ನುಂಗುತ್ತದೆ. ಥಾರ್ ಸರ್ಪವನ್ನು ಕೊಲ್ಲುತ್ತಾನೆ, ಆದರೆ ಅದರ ವಿಷದಿಂದ ಒಂಬತ್ತು ಹೆಜ್ಜೆ ನಡೆದು ಕುಸಿಯುತ್ತಾನೆ. ಬೆಂಕಿಯ ನಾಡಿನ ಸುರ್ಟ್ ಜಗತ್ತನ್ನು ಸುಡುತ್ತಾನೆ. ಬಳಿಕ ಕಡಲಿನಿಂದ ಹಸಿರು ನೆಲ ಮೇಲೇಳುತ್ತದೆ; ಲೋಕಿಯ ಸಂಚಿನಿಂದ ಮೊದಲೇ ಸತ್ತಿದ್ದ ಬಾಲ್ಡರ್ ಹಿಂದಿರುಗುತ್ತಾನೆ; ಅಡಗಿ ಬದುಕುಳಿದ ಒಬ್ಬ ಗಂಡು, ಒಬ್ಬ ಹೆಣ್ಣಿನಿಂದ ಮನುಕುಲ ಮತ್ತೆ ಬೆಳೆಯುತ್ತದೆ. ಈ ಭಾಗದಲ್ಲಿ ಕ್ರೈಸ್ತ ಪ್ರಭಾವ ಎಷ್ಟಿದೆಯೆಂಬ ವಿದ್ವಾಂಸರ ಚರ್ಚೆ ಮುಗಿದಿಲ್ಲ.

1962ರಲ್ಲಿ ಮಾರ್ವೆಲ್ ಕಾಮಿಕ್ಸ್‌ಗೆ, 2011ರಲ್ಲಿ ಬೆಳ್ಳಿತೆರೆಗೆ ಬಂದ ಥಾರ್‌ನನ್ನು ಬಲ್ಲ ಓದುಗರು ಕೆಲವು ವ್ಯತ್ಯಾಸಗಳನ್ನು ಗಮನಿಸಬೇಕು. ಮೂಲದಲ್ಲಿ ಥಾರ್‌ನದು ಕೆಂಪು ಗಡ್ಡ. ಲೋಕಿ ಅವನ ಸಾಕುತಮ್ಮನಲ್ಲ. ಓಡಿನ್‌ನೊಂದಿಗೆ ರಕ್ತ ಬೆರೆಸಿ ಪ್ರಮಾಣ ಮಾಡಿದ ಗೆಳೆಯ. ಇಂಗ್ಲಿಷಿನ ಟ್ಯೂಸ್‌ಡೇ, ವೆಡ್ನೆಸ್‌ಡೇ, ಥರ್ಸ್‌ಡೇ, ಫ್ರೈಡೇಗಳಲ್ಲಿ ಟೀರ್, ಓಡಿನ್, ಥಾರ್ ಮತ್ತು ಓಡಿನ್‌ನ ಪತ್ನಿ ಫ್ರಿಗ್ ಇಂದಿಗೂ ಉಳಿದಿದ್ದಾರೆ. ರೋಮನ್ನರ ಗ್ರಹವಾರಗಳಿಗೆ ಜರ್ಮ್ಯಾನಿಕ್ ಜನರು ತಮ್ಮ ದೇವತೆಗಳ ಹೆಸರಿಟ್ಟರು. ನಮ್ಮ ಮಂಗಳ, ಬುಧ, ಗುರು, ಶುಕ್ರವಾರಗಳೂ ಅದೇ ಗ್ರಹಗಳ ಕ್ರಮದಲ್ಲಿಯೇ ಇವೆ.

ಸ್ನೋರಿ ಆಧರಿಸಿದ ಬಗೆಯ ಹಳೆಯ ಪದ್ಯಗಳ ಮುಖ್ಯ ಸಂಗ್ರಹ 1270ರ ಸುಮಾರಿನ 'ಕೋಡೆಕ್ಸ್ ರೀಜಿಯಸ್' ಹಸ್ತಪ್ರತಿ. ಅದು 1643ರಲ್ಲಿ ಐಸ್‌ಲ್ಯಾಂಡಿನ ಬಿಷಪ್ ಬ್ರಿನ್ಯೋಲ್ಫುರ್ ಸ್ವೇನ್ಸನ್ ಕೈಸೇರಿತು. ಆತ ಅದನ್ನು ಡೆನ್ಮಾರ್ಕಿನ ರಾಜನಿಗೆ ಕಳುಹಿಸಿದ. ಮೂರು ಶತಮಾನಗಳ ಕಾಲ ಕೋಪನ್‌ಹೇಗನ್‌ನಲ್ಲಿದ್ದ ಹಸ್ತಪ್ರತಿ ದೀರ್ಘ ಮಾತುಕತೆಯ ನಂತರ 1971ರ ಏಪ್ರಿಲ್ 21ರಂದು ಹಡಗಿನಲ್ಲಿ ರೇಕ್ಯಾವಿಕ್ ಬಂದರಿಗೆ ಮರಳಿದಾಗ ಅದನ್ನು ಎದುರುಗೊಳ್ಳಲು ಸಾವಿರಾರು ಜನ ನೆರೆದಿದ್ದರು. ಉಳಿದಿರುವುದು 45 ಚರ್ಮದ ಹಾಳೆಗಳು. ನಡುವಿನ ಎಂಟು ಹಾಳೆಗಳು ಬಿಷಪ್‌ನ ಕೈಸೇರುವ ಮೊದಲೇ ಕಾಣೆಯಾಗಿದ್ದವು. ಅವು ಇಂದಿಗೂ ಸಿಕ್ಕಿಲ್ಲ.