ಪಂಜರಕ್ಕಿಂತ ಹಳೆಯ ಬಕೆಟ್

ದೊಡ್ಡ ಬಿಳಿ ಶಾರ್ಕನ್ನು ನೀರೊಳಗೇ ತೋರಿಸುವ ಪಂಜರ ಪ್ರವಾಸದ ಇತಿಹಾಸ ಸಾಮಾನ್ಯವಾಗಿ ಒಬ್ಬ ಮನುಷ್ಯನ ಗಾಯದಿಂದ ಶುರುವಾಗುತ್ತದೆ. 1963ರ ಡಿಸೆಂಬರ್ 8ರಂದು ದಕ್ಷಿಣ ಆಸ್ಟ್ರೇಲಿಯಾದ ಅಲ್ಡಿಂಗಾ ಕಡಲತೀರದಲ್ಲಿ ಈಟಿಯಿಂದ ಮೀನು ಹೊಡೆಯುವ ಸ್ಪರ್ಧೆ ನಡೆಯುತ್ತಿದ್ದಾಗ ರಾಡ್ನಿ ಫಾಕ್ಸ್ ಎಂಬ ಯುವಕನ ಎದೆಗೆ ಶಾರ್ಕ್ ಬಾಯಿ ಹಾಕಿತು. 400ಕ್ಕೂ ಹೆಚ್ಚು ಹೊಲಿಗೆ ಹಾಕಿಸಿಕೊಂಡು ಬದುಕಿದ ಫಾಕ್ಸ್, ಮುಂದೆ ಮೃಗಾಲಯದ ಸಿಂಹದ ಬೋನು ನೋಡಿ, ಇಲ್ಲಿ ಪ್ರಾಣಿಯ ಬದಲು ಮನುಷ್ಯನನ್ನೇ ಒಳಗಿಟ್ಟರೆ ಹೇಗೆ ಎಂದು ಯೋಚಿಸಿದರಂತೆ. ಕತೆ ಚೆನ್ನಾಗಿದೆ, ಹೇಳುವವರಿಗೂ ಕೇಳುವವರಿಗೂ ಇಷ್ಟವಾಗುತ್ತದೆ. ಆದರೆ ಅದರಲ್ಲಿ ಎಲ್ಲ ಬೆಳಕೂ ಪಂಜರದ ಮೇಲೆಯೇ ಬೀಳುತ್ತದೆ. ನೀರೊಳಗೆ ಕಬ್ಬಿಣದ ಪಂಜರ ಇಳಿಸಿ ಚಿತ್ರ ತೆಗೆಯುವ ಕೆಲಸವನ್ನು ಫ್ರಾನ್ಸಿನ ಜಾಕ್ ಕೂಸ್ತೋ ತಂಡ 1950ರ ದಶಕದಲ್ಲೇ ಮಾಡಿತ್ತು. ಈ ಉದ್ಯಮದ ನಿಜವಾದ ಬಂಡವಾಳ ಪಂಜರದ ಪಕ್ಕದಲ್ಲಿರುವ, ರಕ್ತ ಮತ್ತು ಮೀನಿನ ಚೂರು ತುಂಬಿದ ಬಕೆಟ್ಟು. ಅದು ಬಂದದ್ದು ಬೇಟೆಗಾರರ ಕೈಯಿಂದ.

ಹಾಗೆನ್ನಲು ಕಾರಣವಿದೆ. 1965ರಲ್ಲಿ ಫಾಕ್ಸ್ ತಮ್ಮ ಪಂಜರದೊಂದಿಗೆ ಕಡಲಿಗೆ ಹೊರಟಾಗ ಶಾರ್ಕನ್ನು ಹುಡುಕಿಕೊಡಲು ನೆರವು ಕೇಳಿದ್ದು ಆಲ್ಫ್ ಡೀನ್ ಎಂಬ ಗಾಳಗಾರನನ್ನು. ಇದೇ ಡೀನ್ 1959ರಲ್ಲಿ ಸೆಡೂನಾ ಬಳಿ 1,208 ಕಿಲೋ ತೂಕದ ಬಿಳಿ ಶಾರ್ಕನ್ನು ಗಾಳದಲ್ಲಿ ಎಳೆದು ವಿಶ್ವದಾಖಲೆ ಮಾಡಿದವರು. ಸೀಲ್‌ಗಳು ಗುಂಪಾಗಿ ಮಲಗುವ ಬಂಡೆಯ ಪಕ್ಕ ಲಂಗರು ಹಾಕುವುದು, ಹರಿವು ಯಾವ ಕಡೆಗಿದೆ ಎಂದು ನೋಡುವುದು, ರಕ್ತ, ಎಣ್ಣೆ, ಮಾಂಸದ ಚೂರು ಬೆರೆಸಿದ ನೀರನ್ನು ಸೌಟು ಸೌಟಾಗಿ ಬಿಡುತ್ತಾ ಗಂಟೆಗಟ್ಟಲೆ ಕಾಯುವುದು ಅವರ ವಿದ್ಯೆ. ಆ ವಾಸನೆಯ ಪಟ್ಟಿ ನೀರಿನ ಮೇಲೆ ಜಿಡ್ಡಾಗಿ ಉದ್ದಕ್ಕೂ ಸಾಗಿ, ಎಲ್ಲೋ ಇದ್ದ ಮೀನನ್ನು ದೋಣಿಯ ಬಾಲಕ್ಕೇ ತಂದು ನಿಲ್ಲಿಸುತ್ತದೆ. ಇವತ್ತು ಪೋರ್ಟ್ ಲಿಂಕನ್‌ನಿಂದ ನೆಪ್ಚೂನ್ ದ್ವೀಪಗಳಿಗೆ ಹೋಗುವ ಪ್ರವಾಸಿ ದೋಣಿಯಲ್ಲೂ ಕ್ರಮ ಹೆಚ್ಚುಕಡಿಮೆ ಅದೇ: ಅರೆದ ಟ್ಯೂನಾದ ಕಿವಿರು, ಕರುಳು, ರಕ್ತ, ಜೊತೆಗೆ ಹಗ್ಗದ ತುದಿಯಲ್ಲಿ ಒಂದು ತುಂಡು ಮೀನು. ಕೊಕ್ಕೆ ಮಾತ್ರ ಇಲ್ಲ. 1965ರ ಆ ಯಾನದ ಕ್ಯಾಮೆರಾಗಾರ ರಾನ್ ಟೇಲರ್ ಕೂಡ ಈಟಿಮೀನುಗಾರಿಕೆಯಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು. ಅಂದರೆ ಜಾಗ, ಜ್ಞಾನ, ಜನ ಮೂರೂ ಬೇಟೆಯ ಕಡೆಯವೇ.

ಇದನ್ನು ಪ್ರವಾಸವನ್ನಾಗಿ ಮಾಡಿದ್ದು ಸಿನಿಮಾ. ಪೀಟರ್ ಗಿಂಬೆಲ್ ಅವರ ಸಾಕ್ಷ್ಯಚಿತ್ರ 1971ರಲ್ಲಿ ತೆರೆಕಂಡಿತು. ಅವರ ತಂಡ ಬಿಳಿ ಶಾರ್ಕಿಗಾಗಿ ಹಿಂದೂ ಮಹಾಸಾಗರದಲ್ಲೆಲ್ಲ ಅಲೆದು ಕೊನೆಗೆ ದಕ್ಷಿಣ ಆಸ್ಟ್ರೇಲಿಯಾದ ಡೇಂಜರಸ್ ರೀಫ್‌ನಲ್ಲಿ ಅದನ್ನು ಕಂಡಿತು. ‘ಜಾಸ್’ ಚಿತ್ರದ ಜೀವಂತ ಶಾರ್ಕ್ ದೃಶ್ಯಗಳನ್ನು ಟೇಲರ್ ದಂಪತಿ ಇದೇ ಕಡಲಲ್ಲಿ ತೆಗೆದರು. ಶಾರ್ಕ್ ಇನ್ನಷ್ಟು ದೊಡ್ಡದಾಗಿ ಕಾಣಲೆಂದು ಕಿರಿದಾದ ಪಂಜರ ಮಾಡಿಸಿ ಕುಳ್ಳ ಸಾಹಸನಟನೊಬ್ಬನನ್ನು ಕರೆಸಿದ್ದರು. ಆತ ಒಳಗಿಲ್ಲದ ಹೊತ್ತಿನಲ್ಲಿ ಶಾರ್ಕೊಂದು ಹಗ್ಗಕ್ಕೆ ಸಿಕ್ಕಿ ಖಾಲಿ ಪಂಜರವನ್ನೇ ಜಜ್ಜಿಹಾಕಿತು. ಆ ದೃಶ್ಯ ಬಿಡಲು ಮನಸ್ಸಾಗದೆ ಚಿತ್ರಕತೆಯನ್ನೇ ತಿದ್ದಿದರು, ಕಾದಂಬರಿಯಲ್ಲಿ ಸತ್ತ ಪಾತ್ರ ತೆರೆಯ ಮೇಲೆ ಬದುಕಿತು. 1975ರಲ್ಲಿ ಚಿತ್ರ ಬಂತು. ಮರುವರ್ಷವೇ ಫಾಕ್ಸ್ ಪ್ರವಾಸಿಗರನ್ನು ಕರೆದೊಯ್ಯತೊಡಗಿದರು. ಹೆದರಿಸಿದ ಚಿತ್ರವೇ ಟಿಕೆಟ್ಟನ್ನೂ ಮಾರಿತು.

ಬೇಟೆಯನ್ನು ಪ್ರವಾಸವಾಗಿಸಿದ್ದರಿಂದಲೇ ಶಾರ್ಕ್ ಉಳಿಯಿತು ಎಂದು ಉದ್ಯಮದವರು ಹೇಳಿಕೊಳ್ಳುತ್ತಾರೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಬಿಳಿ ಶಾರ್ಕಿಗೆ ಮೊದಲು ಕಾನೂನಿನ ರಕ್ಷಣೆ ಕೊಟ್ಟ ದೇಶ ದಕ್ಷಿಣ ಆಫ್ರಿಕಾ, 1991ರಲ್ಲಿ. ಅಲ್ಲಿನ ಗಾನ್ಸ್‌ಬಾಯ್‌ನ ಪಂಜರ ವ್ಯಾಪಾರ ಬೆಳೆದದ್ದು ಆಮೇಲೆ. ನಮ್ಮಲ್ಲೇ ನೋಡಿದರೆ, ಗುಜರಾತಿನ ಕರಾವಳಿಯಲ್ಲಿ ಕೊಲ್ಲಲ್ಪಡುತ್ತಿದ್ದ ತಿಮಿಂಗಿಲ ಶಾರ್ಕಿಗೆ 2001ರಲ್ಲಿ ರಕ್ಷಣೆ ಸಿಕ್ಕಿತು. ಅದಕ್ಕೆ ನೆರವಾದದ್ದು ಮೈಕ್ ಪಾಂಡೆ ಅವರ ಸಾಕ್ಷ್ಯಚಿತ್ರ, ಯಾವ ಪ್ರವಾಸಿ ದೋಣಿಯೂ ಅಲ್ಲ. ಹಾಗಾದರೆ ಉದ್ಯಮದ ಮಾತು ಪೂರ್ತಿ ಪೊಳ್ಳೇ? ಅದೂ ಸರಿಯಲ್ಲ. ಕಾನೂನು ಬರೆಯಲು ಕಚೇರಿ ಸಾಕು, ಆದರೆ ದೂರದ ದ್ವೀಪದ ಬಳಿ ವರ್ಷವಿಡೀ ನಿಂತು ನೋಡುವವರು ಬೇಕು. ರೆಕ್ಕೆಯ ಅಂಚು, ಮೈಮೇಲಿನ ಗಾಯದ ಗುರುತುಗಳಿಂದ ಒಂದೊಂದು ಶಾರ್ಕನ್ನೂ ಬೇರೆಬೇರೆಯಾಗಿ ಗುರುತಿಸಿದ ಚಿತ್ರಗಳು ಹೆಚ್ಚಾಗಿ ಈ ದೋಣಿಗಳಿಂದಲೇ ಬಂದಿವೆ. ಸತ್ತ ಶಾರ್ಕಿಗೆ ಒಮ್ಮೆ ಬೆಲೆ, ಬದುಕಿದ್ದಕ್ಕೆ ಪ್ರತಿ ವಾರಾಂತ್ಯವೂ ಬೆಲೆ ಎಂಬ ಲೆಕ್ಕ ಬಂದರಿನಲ್ಲಿ ಅದರ ಪರ ಮಾತಾಡುವವರನ್ನು ಹುಟ್ಟಿಸಿತು.

ಇನ್ನು ದೊಡ್ಡ ಆಕ್ಷೇಪ: ಬಕೆಟ್ಟು ಶಾರ್ಕಿಗೆ ಮನುಷ್ಯನ ರುಚಿ ಹಚ್ಚುತ್ತದೆ ಎಂಬುದು. ರುಚಿಯ ಮಾತಿಗೆ ಆಧಾರ ಸಾಲದು. ತಿನ್ನಲು ಸಿಗದಿದ್ದರೆ ಶಾರ್ಕ್ ಬೇಗ ಆಸಕ್ತಿ ಕಳೆದುಕೊಳ್ಳುತ್ತದೆ ಎಂದು ದಕ್ಷಿಣ ಆಫ್ರಿಕಾದ ಅಧ್ಯಯನಗಳು ಹೇಳುತ್ತವೆ. ಆದರೆ ಆಕ್ಷೇಪದಲ್ಲಿ ಹುರುಳೇ ಇಲ್ಲ ಎನ್ನುವಂತಿಲ್ಲ. ನೆಪ್ಚೂನ್ ದ್ವೀಪಗಳಲ್ಲಿ 2007ರ ನಂತರ ದೋಣಿಗಳ ಓಡಾಟ ಹೆಚ್ಚಾದಾಗ ಶಾರ್ಕ್‌ಗಳು ಅಲ್ಲಿ ಹೆಚ್ಚು ದಿನ ತಂಗತೊಡಗಿದ್ದನ್ನು ಅವುಗಳ ಮೈಗೆ ಸಿಕ್ಕಿಸಿದ್ದ ಟ್ಯಾಗುಗಳು ತೋರಿಸಿದವು. ಸರ್ಕಾರ ಬಕೆಟ್ಟಿನ ದಿನಗಳಿಗೆ ಮಿತಿ ಹಾಕಿತು, ಪಂಜರವನ್ನು ಹಾಗೇ ಬಿಟ್ಟಿತು. ಎರೆಯೇ ಇಲ್ಲದೆ ನೀರೊಳಗೆ ಸಂಗೀತ ಹಾಕಿ ಶಾರ್ಕನ್ನು ಸೆಳೆಯುವ ದೋಣಿಯೂ ಅಲ್ಲಿ ನಡೆಯಿತು. ಮೆಕ್ಸಿಕೊ 2023ರಲ್ಲಿ ಗ್ವಾಡಲೂಪೆ ದ್ವೀಪದ ಪ್ರವಾಸಗಳನ್ನೇ ನಿಲ್ಲಿಸಿತು. ನ್ಯೂಜಿಲೆಂಡಿನ ಸ್ಟೀವರ್ಟ್ ದ್ವೀಪದಲ್ಲಿ ಪಾವಾ ಎಂಬ ಚಿಪ್ಪುಜೀವಿಯನ್ನು ಆಯಲು ಉಸಿರು ಬಿಗಿಹಿಡಿದು ಮುಳುಗುವವರು, ಎರೆಯಿಂದ ತಮ್ಮ ಜೀವಕ್ಕೆ ಅಪಾಯ ಎಂದು ಕೋರ್ಟಿಗೆ ಹೋದರು. ಶಾರ್ಕನ್ನು ಎರೆಯಿಟ್ಟು ಕರೆಯುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆಯಾಗುತ್ತದೆಯೇ ಎಂಬುದು ಅಲ್ಲಿ ಎದ್ದ ಪ್ರಶ್ನೆ. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಅಪರಾಧವೆಂದಿತು, ಮರುವರ್ಷ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು.