ಹತ್ತಿಯ ಸೀಮೆಯಲ್ಲಿ ಕೌದಿಗೆ ಬಟ್ಟೆಯ ಬರ

ರಾಯಚೂರಿನಿಂದ ಪಶ್ಚಿಮಕ್ಕೆ ಹೊರಟ ಬಸ್ಸು ಕಲ್ಮಲ ತಲುಪಿದಾಗ ದಾರಿ ಕವಲೊಡೆಯುತ್ತದೆ. ಒಂದು ಮಾನ್ವಿಯತ್ತ, ಇನ್ನೊಂದು ದೇವದುರ್ಗ, ಲಿಂಗಸುಗೂರಿನ ಕಡೆಗೆ. ಎತ್ತ ಹೋದರೂ ಕೃಷ್ಣೆ, ತುಂಗಭದ್ರೆಯರ ನಡುವಣ ಎರೆಭೂಮಿ. ಹತ್ತಿ ಈ ಮಣ್ಣಿನ ಹಳೆಯ ಬೆಳೆ. ಇಂಥ ಸೀಮೆಯಲ್ಲಿ ಕೌದಿಯೊಂದನ್ನು ಹೊಲಿಯಲು ಹತ್ತಿ ಬಟ್ಟೆಗಾಗಿ ಅಂಗಡಿ ಸುತ್ತಬೇಕಾಗಿ ಬಂದಿರುವುದು ವಿಚಿತ್ರವೇ ಸರಿ. ಇದರ ಹಿಂದೆ ಸುಮಾರು ನೂರೈವತ್ತು ವರ್ಷಗಳ ಕಥೆಯಿದೆ.

ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹರವಿ, ಉದ್ದಕ್ಕೂ ಸಾದಾ ಹೊಲಿಗೆ ಹಾಕಿದ ದಪ್ಪ ಹೊದಿಕೆಯೇ ಕೌದಿ. ಹಾಸಲೂ ಆದೀತು, ಹೊದೆಯಲೂ ಆದೀತು. ಮರಾಠಿಯ ಗೋಧಡಿ, ತೆಲುಗಿನ ಬೊಂತ, ಬಂಗಾಳದ ಕಾಂಥಾ ಇದರ ಅಕ್ಕತಂಗಿಯರು. ಕೌದಿಯನ್ನು ಬಡತನದ ಗುರುತೆಂದು ಹೇಳುವುದುಂಟು. ಅದು ಅರ್ಧ ಸತ್ಯ ಮಾತ್ರ. ಹೊಸ ಬಟ್ಟೆ ಬಿರುಸು. ವರ್ಷಗಟ್ಟಲೆ ಉಟ್ಟು ಒಗೆದ ಹತ್ತಿ ಮೆತ್ತಗಾಗಿ ಬೆವರು ಹೀರುತ್ತದೆ, ಪದರಗಳ ನಡುವೆ ಗಾಳಿಯನ್ನು ಹಿಡಿದಿಟ್ಟು ಬೆಚ್ಚಗಿಡುತ್ತದೆ. ಹುಟ್ಟಿದ ಕೂಸಿಗೆ ಅಜ್ಜಿಯ ಸೀರೆಯ ಕೌದಿಯೇ ಆಗಬೇಕೆನ್ನುವುದರಲ್ಲಿ ಅಕ್ಕರೆಯ ಜೊತೆ ಅನುಭವವೂ ಇದೆ.

ಒಂದು ಕಾಲಕ್ಕೆ ಹೊಲದ ಹತ್ತಿಯನ್ನು ಮನೆಯಲ್ಲೇ ನೂತು, ಊರ ನೇಕಾರರಿಂದ ಬಟ್ಟೆ ಮಾಡಿಸಿಕೊಳ್ಳುವುದಿತ್ತು. ನಿಜಾಮರ ಕೈಯಲ್ಲಿದ್ದ ರಾಯಚೂರು ದೋಆಬನ್ನು ಬ್ರಿಟಿಷರು 1853ರಲ್ಲಿ ತಮ್ಮ ವಶಕ್ಕೆ ಪಡೆದು 1860ರಲ್ಲಿ ಹಿಂದಿರುಗಿಸಿದರು. ಆದರೆ ಜನರ ಬದುಕನ್ನು ಬದಲಿಸಿದ್ದು ರೈಲು. 1871ರಲ್ಲಿ ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದ್ರಾಸಿನ ಹಳಿಗಳು ಸೇರಿದ್ದು ರಾಯಚೂರಿನಲ್ಲಿಯೇ. ಅದೇ ದಶಕದಲ್ಲಿ ಇದೇ ಮಾರ್ಗದ ಸೊಲ್ಲಾಪುರದಲ್ಲಿ ಬಟ್ಟೆ ಗಿರಣಿಯೂ ತಲೆಯೆತ್ತಿತು. ಹತ್ತಿ ಅಂಡಿಗೆಗಳಾಗಿ ಹೊರಗೆ ಹೋಗಿ, ಗಿರಣಿ ಬಟ್ಟೆಯಾಗಿ ಮರಳಿ ಬರತೊಡಗಿತು. ಆದರೂ ಬಂದದ್ದು ಹತ್ತಿಯೇ ಆಗಿದ್ದರಿಂದ ಕೌದಿಗೆ ಅದರಿಂದ ಕೇಡಾಗಲಿಲ್ಲ. ಇಳಕಲ್ ಸೀರೆಯ ಗಟ್ಟಿ ಹತ್ತಿ ಒಡಲು ತಳಕ್ಕೆ, ಉಳಿದ ಚಿಂದಿ ನಡುವಿಗೆ ಎಂಬಂತೆ ನಡೆದುಕೊಂಡು ಬಂತು.

ಪೆಟ್ಟು ಬಿದ್ದದ್ದು ಪಾಲಿಯೆಸ್ಟರಿನಿಂದ. 1982ರಲ್ಲಿ ಮಹಾರಾಷ್ಟ್ರದ ಪಾತಾಳಗಂಗಾದಲ್ಲಿ ರಿಲಯನ್ಸ್ ಕಂಪನಿಯ ಪಾಲಿಯೆಸ್ಟರ್ ನೂಲಿನ ಕಾರ್ಖಾನೆ ಶುರುವಾಯಿತು. 1985ರ ಜವಳಿ ನೀತಿ ಹತ್ತಿ ಮತ್ತು ಕೃತಕ ನೂಲಿನ ನಡುವಿನ ತಾರತಮ್ಯವನ್ನು ಸಡಿಲಿಸಿತು. ಬೇಗ ಒಣಗುವ, ಇಸ್ತ್ರಿ ಬೇಡದ, ಬಣ್ಣ ಬಿಡದ ಅಗ್ಗದ ಸೀರೆಗಳು ಹಳ್ಳಿಯ ಸಂತೆಗೂ ಬಂದವು. ಹೊಲದಲ್ಲಿ ದುಡಿದು ಬಂದು ಬಟ್ಟೆ ಒಗೆಯುವ ಹೆಂಗಸರು ಅವನ್ನು ಆರಿಸಿಕೊಂಡದ್ದನ್ನು ತಪ್ಪೆನ್ನಲಾಗದು. ಆದರೆ ಅಂಥ ಸೀರೆ ಎಷ್ಟು ಹಳತಾದರೂ ಹತ್ತಿಯಂತೆ ಮೆತ್ತಗಾಗುವುದಿಲ್ಲ. ಬೆವರು ಹೀರುವುದಿಲ್ಲ. ಪದರಗಳು ಒಂದರ ಮೇಲೊಂದು ಜಾರಿ ಸೂಜಿಗೂ ಸಿಕ್ಕುವುದಿಲ್ಲ.

ಬಟ್ಟೆಯ ಜೊತೆ ಬಿಡುವೂ ಹೋಯಿತು. ಬಿಳಿಜೋಳದ ರಾಶಿ ಮುಗಿದು ಮುಂಗಾರು ಬರುವ ತನಕ ಹೊಲದಲ್ಲಿ ಕೆಲಸ ಕಡಿಮೆ. ಕೌದಿಯ ಹಂಗಾಮೆಂದರೆ ಅದೇ. ಗೊಂದಲಿಗ ಮೊದಲಾದ ಅಲೆಮಾರಿ ಸಮುದಾಯಗಳ ಹೆಂಗಸರು ಊರೂರು ತಿರುಗಿ, ಕಾಸಿಗೋ ಕಾಳಿಗೋ ಕೌದಿ ಹೊಲಿದು ಕೊಡುತ್ತಿದ್ದರು. ಮನೆಯ ಹುಡುಗಿಯರು ಅಂಚಿಗೆ ಕುಳಿತು ಒಂದೆರಡು ಸಾಲು ಹಾಕುತ್ತಲೇ ಕಲಿಯುತ್ತಿದ್ದರು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಮಾನ್ವಿ, ಸಿಂಧನೂರಿನ ಕಡೆ ಬೇಸಿಗೆಯಲ್ಲೂ ಭತ್ತ. ಜಲಾಶಯದಲ್ಲಿ ನೀರಿದ್ದ ವರ್ಷ ಏಪ್ರಿಲ್ ತಿಂಗಳೆಂದರೆ ಕಟಾವಿನ ಗಡಿಬಿಡಿ.

ಈಗ ಕಲಿಯಬೇಕೆನ್ನುವವರು ಬಟ್ಟೆ ಕೊಳ್ಳುವುದರಿಂದಲೇ ಆರಂಭಿಸಬೇಕು. ದರ್ಜಿಯ ಅಂಗಡಿಯ ಚಿಂದಿಯಲ್ಲಿ ಹತ್ತಿಯೂ ಇರುತ್ತದೆ, ಪಾಲಿಯೆಸ್ಟರೂ ಇರುತ್ತದೆ. ಅಂಚಿನ ಒಂದೆಳೆ ಕಿತ್ತು ಕಡ್ಡಿ ಗೀರಿ ಸುಟ್ಟರೆ ಗೊತ್ತಾಗುತ್ತದೆ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಹೊಸ ಹತ್ತಿ ಬಟ್ಟೆ ನೀರು ಕಂಡರೆ ಕುಗ್ಗುವುದರಿಂದ ಮೊದಲೇ ನೆನೆಸಿ ಒಣಗಿಸಬೇಕು. ಕೆಂಪು, ಕಪ್ಪು ಬಟ್ಟೆಗಳನ್ನು ಬೇರೆಯಾಗಿ ನೆನೆಸುವುದು ಲೇಸು. ಮೊದಲ ಕೆಲಸಕ್ಕೆ ಕೂಸಿನ ಕೌದಿ ಸಾಕು, ಒಂದು ಮೀಟರು ಉದ್ದ ಇದ್ದರೆ ಹೆಚ್ಚು. ತಳದ ಬಟ್ಟೆಯನ್ನು ನೆಲಕ್ಕೆ ಹರವಿ, ನಾಲ್ಕೂ ಮೂಲೆಗೆ ಕಲ್ಲಿಟ್ಟು, ಎರಡು ಮೂರು ಪದರ ಹಾಸಿ, ಸುಕ್ಕು ಬಿಡಿಸಿ, ಅಲ್ಲಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಬೇಕು. ಆಮೇಲೆ ಬೆರಳಗಲದ ಅಂತರದಲ್ಲಿ ಸಾಲು. ಹೊಲಿಗೆ ಸೊಟ್ಟಗಾದರೆ ಚಿಂತೆಯಿಲ್ಲ. ದಾರ ಬಿಗಿಯಾದರೆ ಮಾತ್ರ ಬಟ್ಟೆ ಮುದುಡುತ್ತದೆ.

ಎಲ್ಲ ಕಡೆ ಹೊಲಿಯುವ ಕ್ರಮ ಒಂದೇ ಅಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸಿದ್ದಿ ಮಹಿಳೆಯರು ಅಂಚಿನಿಂದ ಹೊರಟು, ತುಂಡು ಜೋಡಿಸುತ್ತ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಅವರ ಕೌದಿಗಳು ಇಂದು ಹೊರದೇಶಗಳ ಪ್ರದರ್ಶನಗಳಿಗೂ ಹೋಗಿವೆ. ಪೇಟೆಯ ಅಂಗಡಿಗಳಲ್ಲಿ ಕೈಹೊಲಿಗೆಯ ಕೌದಿಗೆ ಒಳ್ಳೆಯ ಬೆಲೆಯೇ ಇದೆ. ಅದರಲ್ಲಿ ಹೊಲಿದವರ ಪಾಲೆಷ್ಟು ಎಂಬುದು ಬೇರೆ ಮಾತು.

ಬೇಸಿಗೆಯಲ್ಲಿ ಹೊಲಿದ ಕೌದಿ ಮೊದಲ ಸಲ ನೀರಿಗೆ ಇಳಿಯುವುದು ಮಹಾನವಮಿಗೆ ಮುಂಚೆ, ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹಳ್ಳಕ್ಕೋ ಕಾಲುವೆಗೋ ಒಯ್ದು ಒಗೆಯುವ ದಿನಗಳಲ್ಲಿ. ನೀರು ಕುಡಿದ ಕೌದಿಯನ್ನು ಎತ್ತಿ ಹಿಂಡಲು ಇಬ್ಬರಾದರೂ ಬೇಕು. ಹೊಸ ಬಟ್ಟೆಯದಾದರೆ ಅಂಥ ಮೂರು ನಾಲ್ಕು ಒಗೆತ ಕಂಡ ಮೇಲೆಯೇ ಅದು ಮೈಗೆ ಹಿತವಾಗುವುದು.